ಅಮಾಸಿ ದಿನ ಕೇಳಾಕ ಬಂದವರು

ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡು, ಕೈಯಲ್ಲಿ ಬಣ್ಣದ ಕಾಗದ ಹಿಡಿದು, ನಗುನಗುತ್ತ "ನಿಮ್ಮ ಕನಸೇನು ಹೇಳಿ" ಎಂದು ಬರುವವರನ್ನು ಕಂಡರೆ ನನಗೆ ಈಗ ಹೇಸಿಗೆ. ಬೈದು ಬರುವವನಿಗೆ ತಿರುಗಿ ಬೈಯಬಹುದು. ನಕ್ಕು ಬರುವವನಿಗೆ ಏನು ಮಾಡುತ್ತೀರಿ? ಚಾ ಮಾಡಿ ಕೊಡುತ್ತೀರಿ. ನಾವೂ ಕೊಟ್ಟೆವು. ಸಕ್ಕರೆ ಹೆಚ್ಚು ಹಾಕಿಯೇ ಕೊಟ್ಟೆವು.

ಬನಹಟ್ಟಿಯಲ್ಲಿ ಈಗ ಪವರ್‌ಲೂಮಿನದೇ ರಾಜ್ಯ. ನಮ್ಮ ಓಣಿಯಲ್ಲಿ ಮಾತ್ರ ಕೆಲವು ಮನೆಗಳು ಕೈಮಗ್ಗ ಬಿಟ್ಟಿಲ್ಲ. ನನ್ನ ಗಂಡ ರಾಹುಲ ಸೀರೆ ನೇಯುತ್ತಾನೆ, ನಾನು ಲಾಳಿಯೊಳಗೆ ಇಡುವ ನೂಲಿನ ಕಂಡಕಿ ಸುತ್ತುತ್ತೇನೆ. ಓಣಿಯ ಹಿಂದೆ ಉದ್ದಕ್ಕೆ ಒಂದು ಬಯಲಿದೆ. ಸೀರೆಯ ಉದ್ದಕ್ಕೆ ಬರುವ ಹಾಸಿನ ನೂಲನ್ನು ಮಗ್ಗಕ್ಕೆ ಏರಿಸುವ ಮೊದಲು ಆ ಬಯಲಿನಲ್ಲಿ ಗೂಟದಿಂದ ಗೂಟಕ್ಕೆ ಎಳೆದು ಕಟ್ಟಿ, ಗಂಜಿ ಹಚ್ಚಿ, ಕುಂಚದಿಂದ ಸವರಿ, ಬಿಸಿಲಿಗೆ ಒಣಗಿಸಬೇಕು. ಗಂಜಿ ಕುಡಿಯದ ನೂಲು ಮಗ್ಗದ ಮೇಲೆ ಗಳಿಗೆಗೊಮ್ಮೆ ಹರಿಯುತ್ತದೆ. ಈ ಕೆಲಸ ಪಡಸಾಲೆಯಲ್ಲಿ ಆಗುವುದಿಲ್ಲ, ಮಾಳಿಗೆಯ ಮೇಲೂ ಆಗುವುದಿಲ್ಲ. ಬಯಲು ಹೋದರೆ ನಮ್ಮ ಮಗ್ಗವೂ ಹೋಯಿತು, ಅಷ್ಟೇ.

ಓಣಿಯ ಹಾಸುಗಳಿಗೆಲ್ಲ ಗಂಜಿ ಹಚ್ಚುವವಳು ನನ್ನ ಅತ್ತೆ ಅನಸವ್ವ. ಮಾವ ತೀರಿಕೊಂಡಾಗ ರಾಹುಲ ಇನ್ನೂ ಸಾಲಿಗೆ ಹೋಗುತ್ತಿದ್ದ. ಆಗ ಈ ಮನೆಯ ಒಲೆ ಉರಿದದ್ದು ಆಕೆಯ ಕುಂಚದಿಂದ. ಆಕೆಗೆ ಮಾತು ಕಡಿಮೆ, ಮರ್ಯಾದೆ ಹೆಚ್ಚು. ಸೊಸೆ ಮಂಗಲಾಗೆ ಎರಡೂ ತಿರುಗಾಮುರುಗಾ ಎಂದು ನನ್ನನ್ನು ಓಣಿಯವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ.

ಬೇಸಿಗೆಯ ಒಂದು ಮುಂಜಾನೆ ಅಕ್ಷತಾ ಎಂಬ ಹುಡುಗಿ ನಮ್ಮ ಓಣಿಗೆ ಬಂದಳು. ಧಾರವಾಡದವಳು, ಊರಿನ ಹೊಸ ನಕ್ಷೆ ಮಾಡುವ ಗುತ್ತಿಗೆ ಹಿಡಿದ ಕಂಪನಿಯ ಕೆಲಸದವಳು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ, ಎಲ್ಲ ಕಡೆಗೂ ಅವರದೇ ನಕ್ಷೆಯಂತೆ. ಮೊದಲಿನ ಹಾಗೆ ಸಾಹೇಬರು ಕಚೇರಿಯಲ್ಲಿ ಕುಳಿತು ಗೆರೆ ಎಳೆಯುವ ಕಾಲ ಹೋಯಿತು, ಈಗ ಜನರನ್ನು ಕೇಳಿಯೇ ಎಲ್ಲ ಮಾಡುವುದು ಎಂದು ಹೇಳಿದಳು. ಹೇಳಿದ್ದು ಯಾರಿಗೆ ಕೇಳಬೇಕು? ಒಳಗೆ ಮಗ್ಗ ನಡೆಯುತ್ತಿದ್ದವು. ಹೊರಗೆ ಬಯಲಿನಲ್ಲಿ ಹಾಸು ಕಟ್ಟಿತ್ತು, ಅತ್ತೆಯ ಕೈ ಮೊಣಕೈ ತನಕ ಗಂಜಿಯಾಗಿತ್ತು. ಗಂಜಿ ಹಚ್ಚುವಾಗ ನಡುವೆ ನಿಂತರೆ ಎಳೆಗೆ ಎಳೆ ಅಂಟಿಕೊಳ್ಳುತ್ತದೆ. ಅತ್ತೆ ತಲೆ ಎತ್ತಿ ನಕ್ಕು, ಕುಂತಿರು ತಂಗಿ ಎಂದು ಕಣ್ಣಲ್ಲೇ ಹೇಳಿ, ಮತ್ತೆ ಕುಂಚ ಎಳೆದಳು. ಹುಡುಗಿ ನಮ್ಮ ಕಟ್ಟೆಯ ಮೇಲೆ ಬಹಳ ಹೊತ್ತು ಕುಳಿತಳು, ಪಾಪ. ಆಗ ನನಗೆ ಪಾಪ ಎನಿಸಿತ್ತು.

ಇದನ್ನು ನೋಡಲಾಗದೆ ಎದುರು ಮನೆಯ ಶಂಕರೆಪ್ಪ ಎದ್ದು ಬಂದರು. ಓಣಿಯ ಹಿರಿಯರು, ಮದುವೆ ಮುಂಜಿಗೆ, ಜಗಳ ತಂಟೆಗೆ ಅವರ ಮಾತೇ ಕೊನೆ. "ಕೈ ತುಂಬ ಕೆಲಸಿದ್ದಾಗ ಬಂದ್ರ ಮಾತಾಡೋದ ಹ್ಯಾಂಗ ತಂಗೀ?" ಎಂದರು. "ಅಮಾಸಿ ದಿನ ಬರ್ರಿ. ಅವತ್ತ ನಾವು ನೂಲ ಮುಟ್ಟಂಗಿಲ್ಲ. ಇಡೀ ಓಣಿ ನಿಮ್ಮ ಮುಂದ ಕುಂದರತೈತಿ."

ನಮ್ಮಲ್ಲಿ ಅಮಾವಾಸ್ಯೆ ಎಂದರೆ ಮಗ್ಗಕ್ಕೆ ಪೂಜೆ, ಮಗ್ಗಕ್ಕೆ ವಿಶ್ರಾಂತಿ. ಅವತ್ತು ಹಾಸು ಕಟ್ಟುವುದಿಲ್ಲ, ಕಂಡಕಿ ಸುತ್ತುವುದಿಲ್ಲ, ಹರಿದ ಎಳೆಗೆ ಗಂಟು ಸಹ ಹಾಕುವುದಿಲ್ಲ. ಹಾಗಾಗಿ ಶಂಕರೆಪ್ಪನವರು ಹೇಳಿದ್ದು ಸರಿಯಾಗಿಯೇ ಇತ್ತು. ಅತಿಥಿಗೆ ಬಿಡುವಿನ ದಿನ ಹೇಳುವುದು ಯಾವ ಊರಲ್ಲಿ ತಪ್ಪು? ಹುಡುಗಿ ಕೂಡಲೇ ಮೊಬೈಲಿನಲ್ಲಿ ಬರೆದುಕೊಂಡಳು. ಜನರಿಗೆ ಅನುಕೂಲವಾದ ದಿನವನ್ನು ಜನರೇ ಆರಿಸಬೇಕು, ಅದೇ ನಮ್ಮ ಪದ್ಧತಿ ಎಂದು ಖುಷಿಪಟ್ಟಳು.

ಮಣ್ಣೆತ್ತಿನ ಅಮಾವಾಸ್ಯೆಗೆ ಅವರು ಬಂದರು. ನಾವು ಮಾಡಿದ ತಯಾರಿ ನೆನೆಸಿಕೊಂಡರೆ ನನಗೆ ನಮ್ಮ ಮೇಲೆಯೇ ಸಿಟ್ಟು ಬರುತ್ತದೆ. ಬಯಲು ಗುಡಿಸಿದೆವು, ಸಗಣಿ ನೀರು ಚಿಮುಕಿಸಿದೆವು, ರಂಗೋಲಿ ಹಾಕಿದೆವು. ಬಂದವರು ಎಡವಿ ಬಿದ್ದಾರೆಂದು ಹಾಸು ಕಟ್ಟುವ ಗೂಟಗಳನ್ನೆಲ್ಲ ಶಂಕರೆಪ್ಪನವರು ಮುಂದೆ ನಿಂತು ಕೀಳಿಸಿದರು. ಕುಣಿಗಳಿಗೆ ಮಣ್ಣು ತುಂಬಿಸಿ ತುಳಿಸಿದರು. ಪೆಂಡಾಲ್ ಹಾಕಿಸಿ ಜಮಖಾನೆ ಹಾಸಿದೆವು. ಹುಡುಗರು ಮಣ್ಣಿನ ಎತ್ತು ಹಿಡಿದು ಬಯಲ ತುಂಬ ಓಡಾಡಿದರು. ಅಷ್ಟು ಚೆಂದಾಗಿ ಆ ಬಯಲು ಅದರ ಹುಟ್ಟಿನಲ್ಲೇ ಕಂಡಿರಲಿಲ್ಲ.

ಅಕ್ಷತಾ ನಮ್ಮನ್ನು ದುಂಡಗೆ ಕೂಡಿಸಿ ಒಂದು ಚೆಂಡು ಕೊಟ್ಟಳು. ಚೆಂಡು ಸಿಕ್ಕವರು ತಮ್ಮ ಹೆಸರು ಮತ್ತು ತಮಗೆ ಸೇರುವ ಹಣ್ಣಿನ ಹೆಸರು ಹೇಳಬೇಕು. ಮೊಮ್ಮಕ್ಕಳನ್ನು ಕಂಡ ಹೆಂಗಸರು ಪೇರಲ, ಬಾಳೆ ಎಂದು ನಾಚಿಕೊಂಡು ಹೇಳಿದರು. ಅತ್ತೆ ಮಾವು ಎಂದಳು. ಇದರಿಂದ ಜನರ ಮನಸ್ಸು ತೆರೆಯುತ್ತದಂತೆ. ಆಮೇಲೆ ದೊಡ್ಡ ಹಾಳೆಯ ಮೇಲೆ ಬರೆದ ಒಂದು ಗಿಡ ತಂದು ನಮ್ಮ ಹಿತ್ತಲ ಗೋಡೆಗೆ ಹಚ್ಚಿದರು. ಅದು ಕನಸಿನ ಗಿಡ. ನಮ್ಮ ಕೈಗೆ ಎಲೆಯ ಆಕಾರದ ಹಸಿರು ಚೀಟಿ ಕೊಟ್ಟು, ನಿಮ್ಮ ಓಣಿಗೆ ಏನು ಬೇಕೋ ಬರೆದು ಅಂಟಿಸಿ ಎಂದರು. ಗಟಾರ ಬೇಕು, ಹೆಣ್ಣುಮಕ್ಕಳಿಗೆ ಶೌಚಾಲಯ ಬೇಕು, ನೀರು ದಿನಾ ಬೇಕು, ಓಣಿಗೆ ದೀಪ ಬೇಕು. ಗಿಡ ತುಂಬಿತು. ಹಾಸು ಹಾಕುವ ಬಯಲು ಬೇಕು ಎಂದು ಒಬ್ಬರೂ ಬರೆಯಲಿಲ್ಲ. ಕಾಲ ಕೆಳಗೆ ಇದ್ದ ಬಯಲನ್ನು ಬೇಕು ಎಂದು ಯಾರು ಬರೆಯುತ್ತಾರೆ? ಉಸಿರಾಡಲು ಗಾಳಿ ಬೇಕು ಎಂದು ನೀವು ಎಲ್ಲಾದರೂ ಅರ್ಜಿ ಹಾಕಿದ್ದೀರಾ?

ಕೊನೆಗೆ ಅಕ್ಷತಾ ಅತ್ತೆಯ ಹತ್ತಿರ ಕುಳಿತು, ಇಲ್ಲಿ ಮಕ್ಕಳು ಹೀಗೆ ಆಡುವುದನ್ನು ನೋಡಿದರೆ ನಿಮಗೆ ಏನನಿಸುತ್ತದೆ ಎಂದು ಕೇಳಿದಳು. ಹಬ್ಬದ ದಿನ, ಎದುರಿಗೆ ಅತಿಥಿ, ಮಗ್ಗುಲಲ್ಲಿ ಮೊಮ್ಮಗ, ನನ್ನ ಮಗ. ಛಲೋ ಕಾಣತೈತಿ ಎಂದಳು ಅತ್ತೆ. ಬೇರೆ ಏನು ಹೇಳಬೇಕಿತ್ತು? ಕೈಯಲ್ಲಿ ಮಣ್ಣಿನ ಎತ್ತು ಹಿಡಿಸಿ, ನಗಿಸಿ, ಫೋಟೋ ತೆಗೆದುಕೊಂಡರು. ಹೋಳಿಗೆ ಉಂಡು, ಕೈ ಮುಗಿದು ಹೋದರು. ಮರುದಿನ ನಾವು ಗೂಟ ಹುಗಿದು ಎಂದಿನಂತೆ ಹಾಸು ಕಟ್ಟಿದೆವು.

ದೀಪಾವಳಿ ಆದ ಮೇಲೆ ಜಮಖಂಡಿಯ ಒಂದು ಕಲ್ಯಾಣ ಮಂಟಪದಲ್ಲಿ ಸಭೆ ಕರೆದರು. ನಕ್ಷೆ ತಯಾರಾಗಿದೆ, ಜನರಿಗೆ ತೋರಿಸಿ ಒಪ್ಪಿಗೆ ಪಡೆಯುತ್ತೇವೆ ಎಂದು. ನಮ್ಮ ಓಣಿಯಿಂದ ಒಂದು ಟೆಂಪೋ ತುಂಬ ಹೋದೆವು. ಪರದೆಯ ಮೇಲೆ ಮೊದಲು ಬಂದದ್ದೇ ನನ್ನ ಅತ್ತೆಯ ಮುಖ, ಗೋಡೆಯಷ್ಟು ದೊಡ್ಡದು, ನಗುವ ಮುಖ. ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಓಣಿಯವರು ಆಕೆಯನ್ನು ತಿವಿದು ನಕ್ಕರು. ಆಮೇಲೆ ಕೆಳಗಿನ ಅಕ್ಷರ ಓದಿದವಳು ನಾನು. ಬಳಕೆಯಲ್ಲಿಲ್ಲದ ಖಾಲಿ ಜಾಗ. ಸಮುದಾಯದ ಕನಸು: ಮಕ್ಕಳ ಉದ್ಯಾನ. ಅದರ ಮುಂದಿನ ಚಿತ್ರದಲ್ಲಿ ನಮ್ಮ ಬಯಲಿನ ಒಂದು ತುದಿಗೆ ಜಾರುಬಂಡಿ, ನಡುವೆ ಕಾರು ನಿಲ್ಲಿಸುವ ಜಾಗ, ರಸ್ತೆಯ ಕಡೆಗೆ ಸಾಲಾಗಿ ಅಂಗಡಿ. ಅಂಗಡಿಯ ಕನಸು ಯಾವ ಎಲೆಯ ಮೇಲಿತ್ತೋ ನನಗೆ ಗೊತ್ತಿಲ್ಲ. ಶೌಚಾಲಯ ಎಲ್ಲಿಯೂ ಇರಲಿಲ್ಲ.

ನಮ್ಮ ಮನೆಯ ಹೋಳಿಗೆ ಉಂಡು, ನಮ್ಮ ನಗುವನ್ನೇ ಕದ್ದು ತಂದು, ನಮ್ಮ ಎದುರಿಗೇ ಅದರಿಂದ ನಮ್ಮ ಬಯಲನ್ನು ಕೊಯ್ಯುತ್ತಿದ್ದರು. ಎದ್ದು ನಿಂತು ಮಾತು ತೆಗೆದೆ. ಒಬ್ಬ ಹುಡುಗ ಓಡಿ ಬಂದು ಮೈಕ್ ಕೊಟ್ಟ, ಇನ್ನೊಬ್ಬ ಒಂದು ನಿಮಿಷ ಎಂಬ ಫಲಕ ತೋರಿಸಿದ. ಅದು ಖಾಲಿ ಜಾಗ ಅಲ್ಲ, ಅಲ್ಲಿ ನಮ್ಮ ಅನ್ನ ಇದೆ ಎಂದು ಶುರು ಮಾಡಿದೆನಷ್ಟೇ. ನಿಮ್ಮ ಭಾವನೆಯನ್ನು ಗೌರವಿಸುತ್ತೇವೆ ಎಂದು ಅಕ್ಷತಾ ಬಲು ಮೆತ್ತಗೆ ಹೇಳಿ, ನನ್ನ ಮಾತನ್ನು ಹಳದಿ ಚೀಟಿಯಲ್ಲಿ ಬರೆದು, ಮೂಲೆಯಲ್ಲಿದ್ದ ಬೇರೆ ಹಲಗೆಗೆ ಅಂಟಿಸಿದಳು. ಮುಂದೆ ಚರ್ಚಿಸುವ ವಿಷಯಗಳು ಎಂದು ಅದರ ಮೇಲೆ ಬರೆದಿತ್ತು. ಚೀಟಿ ಸರಿಯಾಗಿ ಹತ್ತದೆ ಫ್ಯಾನಿನ ಗಾಳಿಗೆ ಕೆಳಗೆ ಬಿತ್ತು. ಯಾರೋ ಅದನ್ನು ತುಳಿದುಕೊಂಡು ಹೋದರು.

ಆಮೇಲೆ ಎಲ್ಲರಿಗೂ ಬಣ್ಣದ ಪಟ್ಟಿ ಹಂಚಿ, ಒಂದೊಂದು ಬಣ್ಣದವರು ಒಂದೊಂದು ಮೇಜಿಗೆ ಕೂಡಿ ಎಂದರು. ಎಲ್ಲ ಊರಿನವರೂ ಬೆರೆಯಬೇಕಂತೆ. ಬೆರೆತೆವು. ನಮ್ಮ ಓಣಿಯವರು ಒಬ್ಬರ ಮುಖ ಒಬ್ಬರಿಗೆ ಕಾಣದಂತೆ ಮಂಟಪದ ತುಂಬ ಚದುರಿದೆವು. ನನ್ನ ಮೇಜಿನಲ್ಲಿ ಬೀಳಗಿಯ ಒಬ್ಬ ಹಿರಿಯ ರೈತ ಇದ್ದ. ನಾನು ಕುದಿಯುವುದನ್ನು ನೋಡಿ ಹತ್ತಿರ ಬಗ್ಗಿದ. "ನಮ್ಮ ಊರಿಗೂ ಇದ ಗಿಡಾ ತಂದಿದ್ರು ತಂಗೀ," ಎಂದ. "ಎಲಿ ಅಷ್ಟ ನಮ್ಮ ಕೈಯಾಗ ಕೊಟ್ರು. ಗಿಡಾ ಮೊದಲ ಬರಕೊಂಡ ಬಂದಿದ್ರು."

ಎಲ್ಲ ಮುಗಿಯುವ ಹೊತ್ತಿಗೆ, ಯಾರೂ ಕೇಳದೆಯೇ, ನನ್ನ ಅತ್ತೆ ಎದ್ದು ವೇದಿಕೆಯ ಹತ್ತಿರ ಹೋದಳು. ಪರದೆಯ ಮೇಲೆ ಆಕೆಯ ಚಿತ್ರವನ್ನೇ ಮತ್ತೆ ಹಾಕಿದ್ದರು. ಅದರ ಕೆಳಗೆ ನಿಂತು, ವೇದಿಕೆಯ ಮೇಲಿದ್ದ, ನಕ್ಷೆಗೆ ಸಹಿ ಹಾಕುವ ದೊಡ್ಡ ಸಾಹೇಬನಿಗೆ ಕೈ ಮುಗಿದಳು.

"ಸಾಹೇಬ್ರ, ಕೆಲಸದ ದಿನ ಒಂದ ಸಲ ಬರ್ರಿ. ಅವತ್ತ ನಮಗ ಮಾತಾಡಾಕ ಬಿಡುವಿರಂಗಿಲ್ಲ. ನೀವು ಏನೂ ಕೇಳಬ್ಯಾಡ್ರಿ. ನಿಂತ ನೋಡ್ರಿ, ಸಾಕು."

ಸಾಹೇಬ ಕನ್ನಡಕ ತೆಗೆದು, ಅವಶ್ಯ ಬರುತ್ತೇನೆ ತಾಯಿ, ಸ್ಥಳ ಪರಿಶೀಲನೆ ಆಗದೆ ನಾವು ಮುಂದೆ ಹೋಗುವುದಿಲ್ಲ ಎಂದ. ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಟೆಂಪೋದಲ್ಲಿ ಮರಳುವಾಗ ಅತ್ತೆಯನ್ನು ಎಲ್ಲರೂ ಹೊಗಳಿದರು.

ಪರಿಶೀಲನೆಯ ದಿನ ಯಾವುದೆಂದು ಅಕ್ಷತಾ ಫೋನ್ ಮಾಡಿ ಹೇಳಿದಳು. ಗೋಡೆಯ ಕ್ಯಾಲೆಂಡರ್ ನೋಡಿದೆ. ಎಳ್ಳ ಅಮಾವಾಸ್ಯೆ. ತಪ್ಪಾಗಿರಬೇಕೆಂದು ತಿರುಗಿ ಫೋನ್ ಮಾಡಿ, ಅವತ್ತು ನಾವು ನೂಲು ಮುಟ್ಟುವುದಿಲ್ಲ, ಒಂದು ದಿನ ಹಿಂದೆ ಮುಂದೆ ಬನ್ನಿ ಎಂದು ಕೇಳಿಕೊಂಡೆ. ಸಾಹೇಬರಿಗೆ ಬೇರೆ ದಿನ ಇಲ್ಲ ಎಂದಳು. ಅಲ್ಲದೆ, ಈ ಓಣಿಯವರಿಗೆ ಅಮಾವಾಸ್ಯೆಯೇ ಅನುಕೂಲ ಎಂದು ನೀವೇ ಹೇಳಿದ್ದಿರಿ, ಕಡತದಲ್ಲಿ ಹಾಗೇ ಇದೆ, ಅದನ್ನು ನೋಡಿಯೇ ಸಾಹೇಬರು ಆ ದಿನ ಇಟ್ಟಿದ್ದಾರೆ ಎಂದಳು. ಹುಡುಗಿಯ ದನಿಯಲ್ಲಿ ಕಪಟ ಇರಲಿಲ್ಲ. ಅದೇ ನನಗೆ ಹೆಚ್ಚು ಅಸಹ್ಯವಾಯಿತು. ಕಪಟಿಯಾದರೆ ಒಂದು ದಿನ ಸಿಕ್ಕಿಬೀಳುತ್ತಾನೆ. ಕಡತ ನೋಡಿ ಮಾತಾಡುವವರನ್ನು ಹಿಡಿಯುವುದು ಎಲ್ಲಿ?

ಅವತ್ತು ಸಂಜೆ ನಮ್ಮ ಕಟ್ಟೆಯ ಮೇಲೆ ಓಣಿ ಕೂಡಿತು. ಹಾಸು ಕಟ್ಟದಿದ್ದರೆ ಸಾಹೇಬ ಬಂದು ಖಾಲಿ ಬಯಲನ್ನೇ ನೋಡುತ್ತಾನೆ. ಕಟ್ಟಿದರೆ ಅಮಾವಾಸ್ಯೆ ಮುರಿಯುತ್ತದೆ. ಶಂಕರೆಪ್ಪನವರು ಹಟ ಹಿಡಿದರು. ಬಯಲು ಹೋದರೆ ಹೋಗಲಿ, ಹಿರಿಯರಿಂದ ಬಂದದ್ದನ್ನು ಮುರಿದವರ ಮನೆಗೆ ನಾನು ಕಾಲಿಡುವುದಿಲ್ಲ ಎಂದರು. ಹೆಂಗಸರು ಹೌದೆಂದು ತಲೆ ಆಡಿಸಿದರು. ಅತ್ತೆ ಎಲ್ಲ ಕೇಳುತ್ತ ಕುಳಿತಿದ್ದಳು. ಆಕೆ ಅಮಾವಾಸ್ಯೆಯ ದಿನ ನೂಲು ಮುಟ್ಟಿದ್ದನ್ನು ನಾನು ಕಂಡಿಲ್ಲ. ಮಾವ ಸತ್ತ ವರ್ಷ, ಮನೆಯಲ್ಲಿ ಹಿಟ್ಟಿಲ್ಲದಾಗ ಕೂಡ ಮುಟ್ಟಿರಲಿಲ್ಲವಂತೆ.

"ನಾ ಕಟ್ಟತೇನಿ," ಎಂದಳು. "ಪಾಪ ಬಂದ್ರ ನನಗ ಬರ್ಲಿ. ನಿಮಗ್ಯಾರಿಗೂ ಬ್ಯಾಡ."

ಎಳ್ಳ ಅಮಾವಾಸ್ಯೆಯ ಮುಂಜಾನೆ ಓಣಿ ಬರಿದಾಯಿತು. ಸಜ್ಜಿ ರೊಟ್ಟಿ, ಎಣ್ಣಿಗಾಯಿ, ಶೇಂಗಾ ಹೋಳಿಗೆ ಬುಟ್ಟಿಯಲ್ಲಿ ಕಟ್ಟಿಕೊಂಡು ಜನ ಹಿಪ್ಪರಗಿ ಕಡೆಯ ಬೀಗರ ಹೊಲಗಳಿಗೆ, ಭೂಮಿತಾಯಿಗೆ ಎಡೆ ಎರಚಿ ಚರಗ ಚೆಲ್ಲಲು ಹೋದರು. ಕೆಲವರು ಖರೆಯಾಗಿಯೂ ಕರೆದದ್ದಕ್ಕೆ ಹೋದರು, ಕೆಲವರು ನೋಡುವುದು ಬೇಡವೆಂದು ಹೋದರು. ಶಂಕರೆಪ್ಪನವರು ಎಲ್ಲಿಗೂ ಹೋಗದೆ ಬಾಗಿಲು ಹಾಕಿಕೊಂಡರು. ಮಗನನ್ನೂ ಓಣಿಯವರ ಜೊತೆ ಕಳಿಸಿದ್ದರಿಂದ ಬಯಲಿನಲ್ಲಿ ಉಳಿದವರು ನಾವು ಮೂವರು. ಅತ್ತೆ ಗೂಟಕ್ಕೆ ಕುಂಕುಮ ಹಚ್ಚಿ, ನೂಲಿಗೆ ಹಣೆ ಮುಟ್ಟಿಸಿ, ತಪ್ಪಾತು ಎಂದು ಬಾಯಲ್ಲೇ ಅಂದುಕೊಂಡು ಹಾಸು ಎಳೆದಳು. ರಾಹುಲ ಆ ತುದಿ ಕಟ್ಟಿದ. ನಾನು ಗಂಜಿಯ ಬಕೆಟ್ ಹಿಡಿದೆ. ಎಂದೂ ತಪ್ಪದ ಕುಂಚ ಮೊದಲ ಎಳೆತಕ್ಕೇ ಎರಡು ಎಳೆ ಹರಿಯಿತು.

ಹೊತ್ತೇರಿದ ಮೇಲೆ ಜೀಪು ಬಂತು. ಸಾಹೇಬ, ಅಕ್ಷತಾ, ಅಳತೆಯ ಟೇಪು ಹಿಡಿದ ಒಬ್ಬ ಸಿಬ್ಬಂದಿ. ಬಿಸಿಲಿಗೆ ಹಾಸು ಹೊಳೆಯುತ್ತಿತ್ತು, ಬಯಲಿನ ಈ ತುದಿಯಿಂದ ಆ ತುದಿಯ ತನಕ ಕೆಂಪು ನೂಲು. ಯಾರಾದರೂ ನೋಡಿ ಸುಮ್ಮನೆ ನಿಲ್ಲುವಂಥದ್ದು. ಅತ್ತೆ ಕೆಲಸ ನಿಲ್ಲಿಸಲಿಲ್ಲ. ತಾನು ಹೇಳಿದ ಮಾತಿನಂತೆಯೇ, ಮಾತಾಡದೆ, ಕುಂಚ ಎಳೆಯುತ್ತ ಹೋದಳು. ಸಾಹೇಬ ಸ್ವಲ್ಪ ಹೊತ್ತು ನೋಡಿದ. ಟೇಪಿನವನಿಗೆ, ಅಳತೆ ತಗೋ ಎಂದ.

ಅಳೆಯುತ್ತಾರೆ ಎಂದ ಕೂಡಲೇ ಅತ್ತೆಯ ಮುಖ ಅರಳಿತು. ಕಡೆಗೂ ಬಂದು ನೋಡಿದರು, ಅಳತೆ ಹಿಡಿದು ಬರೆದುಕೊಳ್ಳುತ್ತಿದ್ದಾರೆ, ಇನ್ನು ಖಾಲಿ ಜಾಗ ಎನ್ನಲಾರರು. ಗಂಜಿಯ ಕೈ ಸೆರಗಿಗೆ ಒರೆಸಿಕೊಂಡು ಬಂದು ಟೇಪಿನ ತುದಿಯನ್ನು ತಾನೇ ಹಿಡಿದಳು. ಸಿಬ್ಬಂದಿ ಗೂಟದಿಂದ ಅಳೆಯಲು ಹೋದರೆ, ಅಲ್ಲ ತಮ್ಮಾ, ಗೂಟದ ಹಿಂದೆ ನಾವು ನಿಲ್ಲುವ ಜಾಗವೂ ಬೇಕು ಎಂದು ಎರಡು ಹೆಜ್ಜೆ ಹಿಂದೆ ಸರಿದು ಹಿಡಿದಳು. ಪಕ್ಕದವರ ಹಾಸು ಎಲ್ಲಿಂದ ಎಲ್ಲಿಗೆ, ಗಂಜಿ ಕುದಿಸುವ ಒಲೆ ಎಲ್ಲಿ, ಎಲ್ಲ ತೋರಿಸಿದಳು. ನನಗೂ ಒಂದು ಗಳಿಗೆ ಎದೆ ಹಗುರಾಯಿತು.

"ಸಮೀಕ್ಷೆ ದಿನ ಇಲ್ಲಿ ಒಂದು ಗೂಟಾನೂ ಇರಲಿಲ್ಲ, ಫೋಟೋ ಇದಾವೆ," ಎಂದ ಸಾಹೇಬ ಸಿಬ್ಬಂದಿಗೆ. "ಯೋಜನೆ ಗೊತ್ತಾದ ಮೇಲೆ ಹಾಕಿದ್ದು. ಅತಿಕ್ರಮಣ ಅಂತ ಬರಿ. ಅಳತೆ ಅವರೇ ತೋರಿಸಿದ್ದಾರೆ, ಅದನ್ನೂ ಬರಿ."

ನಾನು ಅಕ್ಷತಾಳ ಕಡೆ ತಿರುಗಿದೆ. ಬೇಸಿಗೆಯಲ್ಲಿ ಅವಳು ನಮ್ಮ ಕಟ್ಟೆಯ ಮೇಲೆ ಕುಳಿತು ಈ ಹಾಸನ್ನು ಕಣ್ಣಾರೆ ಕಂಡವಳು. ಹೇಳವ್ವಾ, ನೀ ನೋಡಿಲ್ಲೇನು ಎಂದೆ. ಅವಳ ಮುಖ ಸಣ್ಣದಾಯಿತು. ಸರ್, ಮೊದಲ ಸಲ ನಾನು ಬಂದಾಗ ಇಲ್ಲಿ ಕೆಲಸ ನಡೆದಿತ್ತು, ಸಮೀಕ್ಷೆಯ ದಿನ ಅಮಾವಾಸ್ಯೆ ಅಂತ ಗೂಟ ಅವರೇ ತೆಗೆದಿದ್ದರು, ಅಮಾವಾಸ್ಯೆಯ ದಿನ ಇವರು ನೂಲು ಮುಟ್ಟುವುದಿಲ್ಲ ಎಂದು ತಡವರಿಸುತ್ತ ಹೇಳಿದಳು. ಹೇಳಿದಳು, ಇಲ್ಲ ಎನ್ನಲಾರೆ.

ಸಾಹೇಬ ಮೊಬೈಲ್ ತೆಗೆದು ತಾರೀಖು ನೋಡಿದ. ಆಮೇಲೆ ಅತ್ತೆಯ ಗಂಜಿಯಾದ ಕೈಗಳನ್ನು ನೋಡಿದ.

"ಇವತ್ತೂ ಅಮಾವಾಸ್ಯೆನೇ ಅಲ್ವಾ?" ಎಂದ. "ಇವತ್ತು ಹೇಗೆ ಮುಟ್ಟಿದ್ದಾರೆ?"

ಬೈಗುಳವಿಲ್ಲ, ಜೋರು ದನಿಯಿಲ್ಲ. ಬಹಳ ಸಹಜವಾಗಿ ಕೇಳಿದ. ಗೆದ್ದ ಸಂತೋಷ ಕೂಡ ಆ ಮುಖದ ಮೇಲಿರಲಿಲ್ಲ. ನನ್ನ ಬಾಯಿಗೆ ಉಗುಳು ತುಂಬಿ ಬಂತು. ಉಗುಳಿದೆ ಕೂಡ, ಅವನ ಬೂಟಿನ ಹತ್ತಿರ, ನೆಲದ ಮೇಲೆ. ಅಕ್ಷತಾ ಹಿಂದೆ ಸರಿದಳು. ಸಿಬ್ಬಂದಿ ಟೇಪು ಸುತ್ತಲು ಎಳೆದ. ಟೇಪು ಬರಲಿಲ್ಲ. ಆ ತುದಿಯನ್ನು ಅತ್ತೆ ಇನ್ನೂ ಹಿಡಿದೇ ಇದ್ದಳು.

ಅತಿಕ್ರಮಣ ಎಂದರೆ ಏನೆಂದು ಆಕೆ ನನ್ನನ್ನು ಕೇಳಿದಳು. ಹೇಳಿದೆ. ಮಂದಿಯ ಜಾಗ ಕಬಳಿಸುವುದು ಎಂದು ಹೇಳಿದೆ. ಆಕೆ ಟೇಪಿನ ತುದಿಯನ್ನು ಕೆಳಗೆ ಬಿಡಲಿಲ್ಲ. ನಡೆದುಕೊಂಡು ಬಂದು, ಅದನ್ನು ಸಾಹೇಬನ ಅಂಗೈಯೊಳಗೆ ಇಟ್ಟಳು. ಗಂಜಿ ಅವನ ಕೈಗೂ ಹತ್ತಿತು.

"ಗಂಡ ಸತ್ತಾಗ ಮುರದಿದ್ದಿಲ್ರಿ," ಎಂದಳು. "ನಿಮ್ಮ ಸಲುವಾಗಿ ಮುರದೆ."

ಸಾಹೇಬ ಕರವಸ್ತ್ರ ಹುಡುಕಿದ. ಜೀಪು ಹೋಯಿತು. ಹಾಸು ಅರ್ಧ ಗಂಜಿ ಕುಡಿದು ಬಿಸಿಲಿಗೆ ಬಿರುಸಾಗುತ್ತಿತ್ತು, ಎಳೆಗಳು ಒಂದಕ್ಕೊಂದು ಅಂಟತೊಡಗಿದ್ದವು. ಬಕೆಟ್ ಎತ್ತಿಕೊಂಡು ಹತ್ತಿರ ಹೋದೆ, ಕುಂಚ ಕೈಗೆ ಕೊಟ್ಟೆ. ಅತ್ತೆ ತೆಗೆದುಕೊಳ್ಳಲಿಲ್ಲ. ಇವತ್ತ ಅಮಾಸಿ, ಮಂಗಲಾ, ಎಂದು ಹೇಳಿ ಒಳಗೆ ಹೋದಳು.